ಬಣ್ಣ ಬಳಿದ ತೋಳು

ಯುದ್ಧ ಮುಗಿಸಿಕೊಂಡು ನಾನು ಮಾನ್ವಿಗೆ ಬಂದದ್ದು ನಲವತ್ತಾರರ ಬೇಸಿಗೆಯಲ್ಲಿ. ಮುಗಿಸಿಕೊಂಡು ಎಂದರೆ ಯುದ್ಧವನ್ನು ನಾನೇ ಮುಗಿಸಿದೆ ಎಂದು ತಿಳಿಯಬಾರದು. ಅಸ್ಸಾಮಿನ ಕಡೆ ಒಂದು ಸಾಮಾನಿನ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಸಿಪಾಯಿಗಳಿಗೆ ಅಂಗಿ, ಚಡ್ಡಿ, ಬೂಟು, ತೋಳಿಗೆ ಹೊಲಿಯುವ ಪಟ್ಟಿ ಕೊಡುವುದು ನನ್ನ ಕೆಲಸ. ಬಂದೂಕನ್ನು ಒಮ್ಮೆ ಮುಟ್ಟಿದ್ದೆ, ಅದೂ ಯಾರೋ ಗೋಡೆಗೆ ಆನಿಸಿಟ್ಟದ್ದು ಕಾಲ ಮೇಲೆ ಬೀಳದಿರಲೆಂದು.

ಆದರೂ ಊರಿಗೆ ನಾನು ‘ಫೌಜಿ ಶೇಷಗಿರಿ’ಯಾದೆ. ಹುಡುಗರು ಬಂದು ಎಷ್ಟು ಜಪಾನಿಯರನ್ನು ಕೊಂದೆ ಎಂದು ಕೇಳುತ್ತಿದ್ದರು. ಗುಮಾಸ್ತನಾಗಿದ್ದೆನಪ್ಪಾ ಎಂದರೆ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು. ನನ್ನ ತಾಯಿ ವಿಜಯಾಬಾಯಿಯದು ಬೇರೆಯೇ ವರಾತ. ಫೌಜಿನಲ್ಲಿ ಯಾರು ಬೇಯಿಸಿದ್ದನ್ನು ತಿಂದು ಬಂದಿದ್ದಾನೋ, ಮಠದಲ್ಲಿ ಪ್ರಾಯಶ್ಚಿತ್ತ ಆಗುವ ತನಕ ಒಳಗೆ ಬರುವಂತಿಲ್ಲ ಎಂದು ನನ್ನ ಹಾಸಿಗೆಯನ್ನು ಹೊರಗಿನ ಪಡಸಾಲೆಗೆ ಹಾಕಿಸಿದ್ದಳು. ನಮ್ಮದು ಗುಡಿಯ ಸೇವೆಯ ಮನೆತನ. ಹೀಗಾಗಿ ಹೋಗಿಬರುವವರಿಗೆಲ್ಲ ನಾನೊಂದು ನೋಡುವ ವಸ್ತುವಾಗಿದ್ದೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯ ಮೇಲೆ. ಆ ಪಡಸಾಲೆಯಲ್ಲಿ ಅದು ಇನ್ನಷ್ಟು ಬೆಳೆಯಿತು.

ಒಂದು ಬೆಳಿಗ್ಗೆ ಅಂಗಳದ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಬಗಲಲ್ಲಿ ಕೂಸು, ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಒಂದು.

“ಫೌಜಿ ರಾಯರು ಅದಾರೇನ್ರಿ?”

“ನಾ ಫೌಜಿ ಅಲ್ಲ, ಗುಮಾಸ್ತ,” ಎಂದೆ, ದಿನದ ಪಾಠ ಒಪ್ಪಿಸುವವನ ಹಾಗೆ.

“ಅದಕ್ಕ ಬಂದೀನ್ರಿ. ಸಿಪಾಯಿಗೋಳಿಗೆ ಅಂಗಿ ಕೊಡ್ತಿದ್ರಂತ. ಅಂಗಿ ನೋಡಿ ಇದು ಯಾವ ವರ್ಷದ ಫೋಟೋ ಅಂತ ಹೇಳ್ರಿ.”

ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಊರಿಗೆ ಬಂದ ಮೇಲೆ ನಾನು ನಿಜವಾಗಿ ಮಾಡಿದ ಕೆಲಸದ ಬಗ್ಗೆ ಕೇಳಿದ ಮೊದಲ ಜೀವ ಅವಳು.

ಅವಳು ಮಲ್ಲಟದ ಬಸ್ಸಮ್ಮ. ಕೂಲಿ ಮಾಡುವ ಮನೆಯವಳು. ಗಂಡ ಅಯ್ಯಣ್ಣ ನಲವತ್ತರಲ್ಲಿ ಫೌಜಿಗೆ ಸೇರಿ ನಲವತ್ತನಾಲ್ಕರಲ್ಲಿ ಇಂಫಾಲದ ಆಚೆ ಸತ್ತಿದ್ದ. ಬಟ್ಟೆ ಬಿಚ್ಚಿ ಫೋಟೋವನ್ನು ಪಡಸಾಲೆಯ ಕಲ್ಲಿನ ಮೇಲೆ ಇಡಲು ಬಂದಳು. ನಾನು ಕೈಯಿಂದಲೇ ತೆಗೆದುಕೊಂಡೆ. ಒಳಗಿನಿಂದ ನನ್ನ ತಾಯಿ ಕೆಮ್ಮಿದ್ದು ಕೇಳಿಸಿತು. ಕೆಮ್ಮಲಿ ಬಿಡು ಎಂದುಕೊಂಡೆ.

ಫೋಟೋದಲ್ಲಿ ಮೂವರಿದ್ದರು. ಹಿಂದೆ ಅರಮನೆಯ ಮೆಟ್ಟಿಲು ಬಿಡಿಸಿದ ಪರದೆ. ಕುರ್ಚಿಯಲ್ಲಿ ಮುದುಕಿಯೊಬ್ಬಳು ಹುಬ್ಬು ಗಂಟಿಕ್ಕಿ ಕೂತಿದ್ದಳು. ಅವಳು ಅಯ್ಯಣ್ಣನ ತಾಯಿ ಪಕೀರಮ್ಮ. ಹಿಂದೆ ಸಮವಸ್ತ್ರದ ಅಯ್ಯಣ್ಣ, ಪಕ್ಕದಲ್ಲಿ ಬಸ್ಸಮ್ಮ. ಅವನ ಬಲತೋಳು ಅವಳ ಹಿಂದೆ ಮರೆಯಾಗಿತ್ತು, ಎಡತೋಳು ಪೂರ್ತಿ ಕಾಣುತ್ತಿತ್ತು. ನಗು ತಡೆದುಕೊಂಡು ನಿಂತ ಮುಖ ಅದು. ಇಂಥವನು ಡಿಪೋಗೆ ಬಂದಿದ್ದರೆ ಒಂದು ಜೊತೆ ಬೂಟು ಹೆಚ್ಚಿಗೆ ಕೊಟ್ಟು ಕಳಿಸುತ್ತಿದ್ದೆನೇನೋ.

“ಯಾವ ವರ್ಷದ್ದು ಅಂತ ನಿನಗ ಗೊತ್ತಿಲ್ಲೇನು? ನೀನೇ ನಿಂತೀಯಲ್ಲ.”

“ನನಗ ಗೊತ್ತದ್ರಿ. ನಾ ಹೇಳಿದ್ರ ಯಾರೂ ನಂಬವಲ್ರು.”

ಅವಳು ಹೇಳಿದ್ದು ಇಷ್ಟು. ಅಯ್ಯಣ್ಣ ರಜೆಯ ಮೇಲೆ ಎರಡು ಸಲ ಬಂದಿದ್ದ. ಮೊದಲನೆಯದು ನಲವತ್ತೊಂದರ ದಸರಾಕ್ಕೆ, ಬರ್ಮಾಕ್ಕೆ ಹೋಗುವ ಮುಂಚೆ. ಆಗ ಮಲ್ಲಟದ ಮನೆಗೇ ಬಂದಿದ್ದರಿಂದ ಊರೆಲ್ಲ ನೋಡಿತ್ತು. ಎರಡನೆಯದು ಮರುವರ್ಷದ ದೀಪಾವಳಿಗೆ. ಆ ಹೊತ್ತಿಗೆ ಮಲ್ಲಟದಲ್ಲಿ ಪ್ಲೇಗು ಬಿದ್ದು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ್ದರು. ಬಸ್ಸಮ್ಮ ಅತ್ತೆಯನ್ನು ಕರೆದುಕೊಂಡು ದೇವದುರ್ಗದ ತವರಿಗೆ ಹೋಗಿದ್ದಳು. ಅಯ್ಯಣ್ಣ ಅಲ್ಲಿಗೇ ಬಂದು, ಅಲ್ಲಿಂದಲೇ ತಿರುಗಿ ಹೋದ. ಅವನನ್ನು ರೈಲು ಹತ್ತಿಸಲು ಇಬ್ಬರೂ ರಾಯಚೂರಿಗೆ ಹೋದಾಗ ತೆಗೆಸಿದ ಫೋಟೋ ಇದು. ಮುಂದಿನ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಶ್ರಾವಣದಲ್ಲಿ ಮಗಳು ಹುಟ್ಟಿದಳು. ಅತ್ತೆಯ ಹೆಸರನ್ನೇ ಇಟ್ಟು ಪಕೀರಮ್ಮ ಎಂದು ಕರೆದರು.

ಅಯ್ಯಣ್ಣನ ಅಣ್ಣ ಮೂಕಪ್ಪ ನಲವತ್ತೆರಡರ ಸಂಕ್ರಾಂತಿ ಮುಗಿಸಿ ಸೊಲ್ಲಾಪುರದ ಗಿರಣಿಗೆ ಹೋದವನು ಈ ಯುಗಾದಿಗೆ ವಾಪಸು ಬಂದಿದ್ದ. ಬಂದು ನೋಡಿದರೆ ತಾಯಿ ಇಲ್ಲ, ತಮ್ಮ ಇಲ್ಲ, ಮನೆಯಲ್ಲಿ ತಾಯಿಯ ಹೆಸರು ಹೊತ್ತ ಕೂಸು. ತಮ್ಮ ದಸರಾಕ್ಕೆ ಬಂದವನು ಮತ್ತೆ ಊರಿಗೇ ಬರಲಿಲ್ಲ, ಎಲ್ಲರೂ ಹಾಗೇ ಹೇಳುತ್ತಾರೆ, ಮರುವರ್ಷದ ಶ್ರಾವಣ ಕಳೆದು ಅದರ ಮುಂದಿನ ಶ್ರಾವಣಕ್ಕೆ ಕೂಸು ಹೇಗೆ ಹುಟ್ಟಿತು ಎಂದು ಕೇಳಿದ. ಬಸ್ಸಮ್ಮ ಫೋಟೋ ತೋರಿಸಿದಳು. ಇದು ದಸರಾದ ಸಲವೇ ತೆಗೆಸಿದ್ದು ಎಂದ. ತವರಿನವರು ಸಾಕ್ಷಿ ಹೇಳಿದರು. ತವರಿನವರು ಮಗಳನ್ನು ಬಿಟ್ಟುಕೊಡುತ್ತಾರೆಯೇ ಎಂದ.

“ನನ್ನವ್ವನ ಹೆಸರು ಆ ಕೂಸಿನ ಮ್ಯಾಲಿಂದ ತಗೀರಿ ಅಂತಾರ್ರಿ. ಅಮಾಸಿ ದಿನ ದೈವ ಕೂಡ್ತದ,” ಎಂದಳು ಬಸ್ಸಮ್ಮ.

ದೈವವೆಂದರೆ ನಮ್ಮ ಕಡೆ ಕುಲದ ಹಿರಿಯರ ಕೂಟ. ಅವರಾಡಿದ್ದೇ ಕೊನೆ.

“ಕೂಸಿಗೆ ಅಪ್ಪ ಇಲ್ಲ ಅಂತ ದೈವ ಅಂದ್ರ ಮುಗೀತ್ರಿ. ನಾ ಎಲ್ಲೆರ ಕೂಲಿ ಮಾಡಿ ಬದುಕೇನು. ಇಕಿ ಹುಟ್ಟಿದ ಮನಿಯೊಳಗ ನಿಲ್ಲಂಗಿಲ್ಲ, ನಾಳೆ ಒಂದು ಮನಿಗೆ ಹೋಗಂಗಿಲ್ಲ. ಅಯ್ಯಣ್ಣನ ಮಗಳನ್ನ ಅಯ್ಯಣ್ಣನ ಮಗಳು ಅನ್ನಬೇಕು. ಅಷ್ಟ ಆಗೂತನ ನಾ ಬಿಡಾಕಿ ಅಲ್ಲ.”

ಫೌಜಿನ ದಫ್ತರಕ್ಕೆ ಬರೆಸಿ ಕೇಳಬಹುದಿತ್ತು. ಆ ದಫ್ತರಗಳು ಎಷ್ಟು ಚುರುಕು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಈ ಕೂಸಿನ ಮದುವೆಯ ಹೊತ್ತಿಗೆ ಉತ್ತರ ಬಂದರೆ ಪುಣ್ಯ.

ಫೋಟೋ ಹಿಡಿದು ಕೂತೆ. ಅಂಗಿ, ಚಡ್ಡಿ, ನಡುಪಟ್ಟಿ ನಲವತ್ತೊಂದರಲ್ಲೂ ಅವೇ, ನಲವತ್ತೆರಡರಲ್ಲೂ ಅವೇ. ಕಾಡಿನ ಹಸಿರು ಬಟ್ಟೆ ನಮ್ಮ ಡಿಪೋಗೆ ಬಂದದ್ದು ಅದಾದ ಮೇಲೆ. ಹಾಗಾಗಿ ಬಟ್ಟೆಯಿಂದ ಏನೂ ತಿಳಿಯಲಿಲ್ಲ. ತೋಳಿನ ಮೇಲೆ ಲಾನ್ಸ್ ನಾಯಕನ ಒಂಟಿ ಪಟ್ಟಿ ಇತ್ತು. ಅದು ಯಾವಾಗ ಸಿಕ್ಕಿತು ಎಂದು ಕೇಳಿದೆ. ಎರಡೂ ಸಲ ಇತ್ತು ಎಂದಳು. ಉಳಿದದ್ದು ಭುಜದ ಕೆಳಗೆ ಹೊಲಿಯುವ ನಿಶಾನಿ. ಒಂದೊಂದು ಡಿವಿಷನ್ನಿಗೂ ಒಂದೊಂದು ಚಿತ್ರ ಇರುತ್ತದೆ, ನೋಡಿದ ಕೂಡಲೇ ಯಾವ ದಂಡಿನವನು ಎಂದು ತಿಳಿಯಲಿ ಎಂದು. ಅಯ್ಯಣ್ಣನ ತೋಳಿನಲ್ಲಿ ಆ ಜಾಗ ಬರಿದಾಗಿತ್ತು.

“ಇದರಾಗ ಏನೂ ಇಲ್ಲ ಬಸ್ಸಮ್ಮ. ವರ್ಷ ಹೇಳಾಕ ಆಗೂದಿಲ್ಲ.”

ಅವಳು ಹೋಗಲಿಲ್ಲ. ಅಂಗಳದ ಬೇವಿನ ಕೆಳಗೆ ಕೂಸನ್ನು ಆಡಲು ಬಿಟ್ಟು ಕೂತಳು. ನಾನು ಸ್ನಾನ ಮುಗಿಸಿ ಬಂದೆ, ಕೂತಿದ್ದಳು. ಪಡಸಾಲೆಯಲ್ಲೇ ಊಟ ಮುಗಿಸಿದೆ, ಕೂತಿದ್ದಳು. ನನ್ನ ತಾಯಿ ಒಳಗಿನಿಂದ, “ಆಕಿ ಇನ್ನೂ ಹೋಗಿಲ್ಲೇನೋ? ಕೂಸಿನ ಹೊಟ್ಟಿಗೆ ಏನರ ಅದನೋ ಇಲ್ಲೋ, ಕೇಳು,” ಎಂದು ಒಂದು ತಾಟಿನಲ್ಲಿ ಅನ್ನ ಮಜ್ಜಿಗೆ ಕಲಸಿ ಹೊಸ್ತಿಲ ಹತ್ತಿರ ಸರಿಸಿದಳು. ಪಡಸಾಲೆಗೆ ಗಡೀಪಾರಾದ ಮಗ ಅದನ್ನು ಅಂಗಳಕ್ಕೆ ಸಾಗಿಸಿದ.

“ನೋಡ ಬಸ್ಸಮ್ಮ, ನಾ ಸುಳ್ಳು ಹೇಳಿಲ್ಲ,” ಎಂದು ರೇಗಿ ಫೋಟೋವನ್ನು ಬಿಸಿಲಿಗೆ ಹಿಡಿದು ಅವಳಿಗೇ ತೋರಿಸಲು ಹೋದೆ. “ಈ ಜಾಗದಾಗ ನಿಶಾನಿ ಇರಬೇಕಿತ್ತು. ಇಲ್ಲ.”

ಹಾಗೆ ಹಿಡಿದಾಗ ಬಿಸಿಲು ಓರೆಯಾಗಿ ಬಿತ್ತು. ಫೋಟೋದ ಕಾಗದವೆಲ್ಲ ಮಿರುಗಿತು. ಭುಜದ ಕೆಳಗೆ ಒಂದು ಚೌಕ ಮಾತ್ರ ಮಿರುಗಲಿಲ್ಲ. ಬೆರಳಾಡಿಸಿದೆ. ಅಲ್ಲಿ ಬಣ್ಣ ಇತ್ತು. ಅಂಗಿಯ ಬಣ್ಣಕ್ಕೆ ಕೂಡುವಂತೆ ಯಾರೋ ಬಹಳ ಜಾಣತನದಿಂದ ಬಳಿದಿದ್ದರು.

“ಇಲ್ಲಿ ಏನಿತ್ತು?”

ಬಸ್ಸಮ್ಮ ಕೂಸಿನ ಬಾಯಿ ಒರೆಸತೊಡಗಿದಳು.

“ಏನಿತ್ತು ಅಂತ ಕೇಳಾಕತ್ತೀನಿ.”

“ಅದು ಬ್ಯಾಡ ಬಿಡ್ರಿ. ಅದರಿಂದನ ಎಲ್ಲಾ ಆಗಿದ್ದು.”

ನನ್ನ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ನನ್ನ ಅಂಗಳದಲ್ಲಿ ಕೂತು ವರ್ಷ ಹೇಳು ಎನ್ನುವವಳು, ವರ್ಷ ಹೇಳುವ ಒಂದೇ ಒಂದು ಗುರುತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಾಳೆ. ನಾನು ಕೂಗಾಡಿದೆ. ಕೂಸು ಅಳತೊಡಗಿತು. ಅವಳು ಕೂಸನ್ನು ಎತ್ತಿಕೊಂಡು, ನೆಲ ನೋಡುತ್ತ, ಕೊನೆಗೂ ಹೇಳಿದಳು.

“ಬೆಕ್ಕು.”

ಕರಿಬೆಕ್ಕು. ದೇವದುರ್ಗಕ್ಕೆ ಬಂದ ಮಗನ ತೋಳಿನ ಮೇಲೆ ಬಾಲ ಎತ್ತಿದ ಕರಿಬೆಕ್ಕನ್ನು ಕಂಡು ಪಕೀರಮ್ಮ ಹೌಹಾರಿದ್ದಳಂತೆ. ಲಡಾಯಿಗೆ ಹೋಗುವವನಿಗೆ ಬೆಕ್ಕು ಅಡ್ಡ ಬಂದರೇ ಹೊರಡಬಾರದು, ಇವನು ಬೆಕ್ಕನ್ನು ಮೈಮೇಲೆ ಹೊಲಿಸಿಕೊಂಡು ಬಂದಿದ್ದಾನಲ್ಲ ಎಂದು. ಸಾಹೇಬರು ಕೊಟ್ಟಿದ್ದು, ತೆಗೆಯುವ ಹಾಗಿಲ್ಲ ಎಂದು ಅವನು ನಕ್ಕ. ರಜೆ ಮುಗಿಯುವವರೆಗೂ ಅವಳು ಆ ತೋಳಿನ ಮೇಲೆ ಟುವಾಲು ಹೊದಿಸಿಯೇ ಅವನನ್ನು ಹೊರಗೆ ಬಿಟ್ಟಳು. ಫೋಟೋ ತೆಗೆಯುವವನು ಟುವಾಲನ್ನು ತೆಗೆಸಿದ. ಅಯ್ಯಣ್ಣ ಹೋದ ಮೇಲೆ ಫೋಟೋ ತರಲು ಹೋದಾಗ ಬೆಕ್ಕು ಅದರಲ್ಲೂ ಕೂತಿತ್ತು. ಇದನ್ನು ಮುಚ್ಚಿ ಕೊಟ್ಟರೆ ಮಾತ್ರ ಒಯ್ಯುತ್ತೇನೆ ಎಂದು ಮುದುಕಿ ಅಲ್ಲೇ ಹಟ ಹಿಡಿದು ಕೂತಳು. ಮುಚ್ಚಿ ಕೊಟ್ಟರು.

“ಮುಚ್ಚಿದ್ರೂ ಅವರು ಬರಲಿಲ್ರಿ,” ಎಂದಳು ಬಸ್ಸಮ್ಮ. “ಅದಕ್ಕ ಅದರ ಹೆಸರು ನಾ ಎತ್ತಿದ್ದಿಲ್ಲ.”

ಆ ಬೆಕ್ಕುಗಳ ಗಂಟನ್ನು ನಮ್ಮ ಡಿಪೋದಲ್ಲಿ ಬಿಚ್ಚಿದವನು ನಾನೇ. ಹಳದಿ ಬಟ್ಟೆಯ ಮೇಲೆ ಕಪ್ಪು ಬೆಕ್ಕು, ಹದಿನೇಳನೆಯ ಡಿವಿಷನ್ನಿನದು. ಅದಕ್ಕೂ ಮೊದಲು ಆ ದಂಡಿನ ತೋಳಿನ ಮೇಲೆ ಇದ್ದದ್ದು ಮಿಂಚಿನ ಗೆರೆ. ನಲವತ್ತೆರಡರಲ್ಲಿ ಬರ್ಮಾದಿಂದ ಸೋತು ನಡೆದು ಬಂದ ಮೇಲೆ ಮಿಂಚನ್ನು ತೆಗೆಸಿ ಬೆಕ್ಕನ್ನು ಕೊಟ್ಟರು. ನಲವತ್ತೊಂದರ ದಸರಾದಲ್ಲಿ ಲೋಕದ ಯಾವ ಸಿಪಾಯಿಯ ತೋಳಿನ ಮೇಲೂ ಆ ಬೆಕ್ಕು ಇರಲಿಲ್ಲ.

“ಮೊದಲ ಸಲ ಬಂದಾಗ ಏನಿತ್ತು, ನೆನಪದ ಏನು?”

“ಮಿಂಚಿತ್ರಿ. ಬಾವಾರೂ ನೋಡ್ಯಾರ. ಬನ್ನಿ ಕೊಡೋವಾಗ ಅದನ್ನ ಮುಟ್ಟಿ ಮುಟ್ಟಿ ನಗ್ಯಾಡಿದ್ರು.”

ಬಾವಾರು ಎಂದರೆ ಮೂಕಪ್ಪ. ನಮ್ಮ ಸಾಕ್ಷಿಯ ಅರ್ಧ ಅವನ ಬಾಯಲ್ಲೇ ಇತ್ತು.

“ಅಂವ ಈಗ ಅದನ್ನ ಒಪ್ಪತಾನೇನು? ನೋಡೇ ಇಲ್ಲ ಅಂದ್ರ?”

“ಸುಳ್ಳು ಹೇಳೋರಲ್ರಿ ಅವರು. ತಪ್ಪು ತಿಳಕೊಂಡಾರ, ಅಷ್ಟ.” ತನ್ನನ್ನು ಮನೆಯಿಂದ ಹೊರಗೆ ಹಾಕಲು ನಿಂತವನ ಬಗ್ಗೆ ಅವಳು ಹಾಗೆ ಹೇಳಿದಳು. ನನಗೆ ಅಷ್ಟು ನಂಬಿಕೆ ಬರಲಿಲ್ಲ. ನಾನು ಗುಮಾಸ್ತನಾಗಿದ್ದವನು, ಎರಡನೇ ಜೊತೆ ಬೂಟಿಗಾಗಿ ಮೊದಲನೆಯದನ್ನು ಹೊಳೆಗೆಸೆದು ಬಂದವರನ್ನು ನೋಡಿದ್ದೇನೆ.

ಮರುದಿನವೇ ರಾಯಚೂರಿನ ಬಸ್ಸು ಹತ್ತಿದೆವು. ಫೋಟೋ ಅಂಗಡಿ ತೀನ್ ಕಂದೀಲ್ ಚೌಕದ ಹತ್ತಿರದ ಗಲ್ಲಿಯಲ್ಲಿತ್ತು. ಈಗ ಅಲ್ಲಿ ಸೈಕಲ್ಲು ಬಾಡಿಗೆಗೆ ಕೊಡುತ್ತಿದ್ದರು. ಅಂಗಡಿಯವರು ತೀರಿಕೊಂಡರು, ಅವರ ಬೀಬಿ ಸುಗ್ರಾ ಬೇಗಂ ಹಿಂದಿನ ಮನೆಯಲ್ಲೇ ಇದ್ದಾರೆ, ಫೋಟೋಗಳಿಗೆ ಬಣ್ಣ ತುಂಬುತ್ತಿದ್ದವರೂ ಅವರೇ ಎಂದು ಸೈಕಲ್ಲಿನವನು ಹೇಳಿದ. ಮನೆಯಲ್ಲಿ ಪರದೆ ಇತ್ತು. ಬಸ್ಸಮ್ಮ ಒಳಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತು ಗೋಣಿಯ ಪರದೆಯೊಂದಿಗೆ ಮಾತಾಡಿದೆ.

“ಹಾಂ, ಬಿಲ್ಲಿ ಫೋಟೋ,” ಎಂದಿತು ಒಳಗಿನ ದನಿ. “ಯಾದ್ ಅದ. ಎಲ್ಲಾರೂ ಗಲ್ಲಕ್ಕ ಕೆಂಪು ಹಚ್ರಿ, ಸೀರಿಗೆ ಜರಿ ಹಚ್ರಿ ಅಂತ ಬರ್ತಾರ. ಬೆಕ್ಕಿಗೆ ಕಪಡಾ ಹಾಕ್ರಿ ಅಂತ ಬಂದಾಕಿ ಆ ಬುಡ್ಡೀ ಒಬ್ಬಾಕಿನೇ.”

“ಯಾವ ವರ್ಷ ಅಂತ ನೆನಪದ ಏನ್ರಿ ಬೇಗಂ ಸಾಹೇಬಾ?”

“ವರ್ಷ ಯಾರು ನೆನಪಿಡ್ತಾರ್ರಿ. ಲಡಾಯಿ ನಡೆದಿತ್ತು.”

ಗಾಜಿನ ಪ್ಲೇಟು ಇದೆಯೇ ಎಂದು ಕೇಳಿದೆ. ಆಗ ಗಾಜೇ ಸಿಗುತ್ತಿರಲಿಲ್ಲ, ಹಳೆಯವನ್ನೆಲ್ಲ ತೊಳೆದು ಫ್ರೇಮುಗಳಿಗೆ ಹಾಕಿಬಿಟ್ಟೆವು ಎಂದಳು. ಹಾಗಾದರೆ ಉಳಿದದ್ದು ಬಣ್ಣದ ಕೆಳಗೆ ಇರುವುದು ಮಾತ್ರ.

“ಬಣ್ಣ ಬಿಡಸಾಕ ಆಗ್ತದ ಏನ್ರಿ?”

“ಗೋಂದಿನ ನೀರಾಗ ಕಲಸಿದ್ದು. ಹಸಿ ಅರಳೆ ಹಿಂಡಿ ಮೆಲ್ಲಕ ಒತ್ತಿದ್ರ ಬರ್ತದ. ತಿಕ್ಕಬಾರದು. ತಿಕ್ಕಿದ್ರ ಫೋಟೋದ ಚರ್ಮನೇ ಕಿತ್ತು ಬರ್ತದ, ತೋಳೂ ಹೋಗ್ತದ, ಮುಖನೂ ಹೋಗ್ತದ. ಮತ್ತ ಇನ್ನೊಂದು ಮಾತು. ಬೆಕ್ಕಿನ ಹಿಂದ ಹಳದಿ ಬಟ್ಟಿ ಅಂತಾಳ ಇಕಿ. ಹಳದಿ ಬಣ್ಣ ಫೋಟೋದಾಗ ಕಪ್ಪಗ ಬೀಳ್ತದ. ಕಪ್ಪಿನ ಮ್ಯಾಲೆ ಕರಿಬೆಕ್ಕು ಆಗನ ಮಬ್ಬು ಕಾಣ್ತಿತ್ತು, ಬಣ್ಣದ ಕೆಳಗ ಈಗ ಎಷ್ಟು ಉಳದದೋ, ಖುದಾಗೆ ಗೊತ್ತು. ತಾ, ಈಗನ ತಗದು ನೋಡೋಣ.”

ತೆಗೀರಿ ಎಂದು ನಾನು ಬಾಯಿ ತೆರೆದಿದ್ದೆ. ಒಳಗಿನಿಂದ ಬಸ್ಸಮ್ಮನ ದನಿ ಮೊದಲು ಬಂತು.

“ಬ್ಯಾಡ್ರಿ ಯವ್ವಾ. ಇಲ್ಲಿ ತಗದು ಒಯ್ದ್ರ, ರಾಯಚೂರಿಗೆ ಹೋಗಿ ಬೆಕ್ಕು ಬರೆಸಿಕೊಂಡು ಬಂದಾಳ ಅಂತಾರ. ದೈವದ ಮುಂದ ತಗೀಬೇಕು.”

“ಅಲ್ಲಿ ಏನೂ ಕಾಣಲಿಲ್ಲ ಅಂದ್ರ?” ಎಂದು ಪರದೆಯ ಈಚೆಯಿಂದ ಕೇಳಿದೆ.

“ಕಾಣಲಿಲ್ಲ ಅಂದ್ರ ಇಲ್ಲಿ ನೋಡಿದ್ರೂ ಕಾಣಂಗಿಲ್ಲಲ್ರಿ.”

ಗಂಡನ ಗುರುತೆಂದು ಅವಳಿಗೆ ಉಳಿದದ್ದು ಆ ಒಂದು ಕಾಗದ. ಅದನ್ನು ಪಣಕ್ಕಿಟ್ಟು, ಅದರ ಕೆಳಗೆ ಏನಿದೆ ಎಂದು ಇಣುಕಿಯೂ ನೋಡದೆ ದೈವದ ಮುಂದೆ ಹೋಗಲು ಅವಳು ತಯಾರಿದ್ದಳು. ಸುಗ್ರಾ ಬೇಗಂ ಒಂದು ಹಳೇ ಫೋಟೋ ಕೊಟ್ಟು, ಅರಳೆ ಎಷ್ಟು ಹಿಂಡಬೇಕು, ಹೇಗೆ ಒತ್ತಬೇಕು ಎಂದು ಅವಳಿಗೆ ಕಲಿಸಿಕೊಟ್ಟಳು. ಬಸ್ಸು ಮಾನ್ವಿ ಮುಟ್ಟುವ ತನಕ ಬಸ್ಸಮ್ಮ ತೊಡೆಯ ಮೇಲೆ ಬೆರಳು ಒತ್ತಿ ಒತ್ತಿ ಅದನ್ನೇ ಅಭ್ಯಾಸ ಮಾಡುತ್ತಿದ್ದಳು. ಇಳಿಯುವಾಗ ನನಗೆ ಒಂದು ಮಾತು ಹೇಳಿದಳು.

“ಅಲ್ಲಿ ನೀವು ಬಾಯಿ ಬಿಡಬ್ಯಾಡ್ರಿ. ಹಾರವರ ರಾಯರು ಹೇಳಿಕೊಟ್ರು ಅನ್ನೋ ಮಾತು ಬರೋದು ಬ್ಯಾಡ.”

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಒಪ್ಪಿಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ಮಲ್ಲಟಕ್ಕೆ ಹೋದೆ. ಕೇರಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ನಡುವೆ ಸೂಗಪ್ಪ, ಎಲ್ಲರಿಗೂ ದೊಡ್ಡವನು. ನನ್ನನ್ನು ಕಂಡು ಒಂದು ಕಂಬಳಿ ಹಾಸಿ, “ನಮ್ಮ ಮನಿ ಮಾತಿಗೆ ರಾಯರು ಯಾಕ ಬಂದ್ರಿ?” ಎಂದ. “ನೋಡಾಕ ಬಂದೀನಿ,” ಎಂದು ಕೂತೆ. ಮೂಕಪ್ಪನನ್ನು ಅವತ್ತೇ ಮೊದಲು ನೋಡಿದ್ದು. ಕೆಟ್ಟವನನ್ನು ನೋಡುತ್ತೇನೆಂದು ಹೋಗಿದ್ದೆ. ಗಿರಣಿಯ ಹತ್ತಿ ಎದೆಯಲ್ಲಿ ಕೂತು ಮಾತಿಗೊಮ್ಮೆ ಕೆಮ್ಮುವ ಸಣಕಲು ಮನುಷ್ಯ, ಕಣ್ಣು ಕೆಂಪಾಗಿದ್ದವು. ನನ್ನ ಸಿಟ್ಟಿಗೆ ಕೂರಲು ಅಲ್ಲಿ ಜಾಗ ಸಿಗಲಿಲ್ಲ.

ಅವನು ತನ್ನ ಮಾತು ಹೇಳಿದ. ಜೋರು ಮಾಡಲಿಲ್ಲ. “ನನಗ ಆಕಿ ಮ್ಯಾಲೆ ಹಗೆ ಇಲ್ರಿ. ಆದ್ರ ನನ್ನ ತಮ್ಮ ದಸರಾಕ್ಕ ಬಂದು ಹೋದಾಂವ ಮತ್ತ ಬರಲೇ ಇಲ್ಲ. ಬಂದಿದ್ರ ಊರು ನೋಡ್ತಿದ್ದಿಲ್ಲೇನು? ನಮ್ಮವ್ವನ ಹೆಸರು ಹಿಂಗ ಹಾಳಾಗೋದು ಬ್ಯಾಡ.”

ಸೂಗಪ್ಪ ಬಸ್ಸಮ್ಮನ ಕಡೆ ನೋಡಿದ. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

“ಯಪ್ಪಾ, ನಾ ಏನೂ ಹೇಳೋದಿಲ್ಲ. ಬಾವಾರನ್ನ ಒಂದು ಮಾತು ಕೇಳ್ರಿ. ದಸರಾಕ್ಕ ಬಂದಾಗ ಅವರ ತಮ್ಮನ ತೋಳ ಮ್ಯಾಲೆ ಏನು ಚಿತ್ರ ಇತ್ತು?”

ಮೂಕಪ್ಪ ತಲೆ ಎತ್ತಿದ. ನೆನಪಿಲ್ಲ ಎಂದರೆ ಸಾಕಿತ್ತು, ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

“ಮಿಂಚು,” ಎಂದ. “ಬಿಳೇ ಮಿಂಚು. ಬನ್ನಿ ಕೊಟ್ಟು ಅಪ್ಪಿಕೊಂಡಾಗ ಈ ಕೈಲೆ ಮುಟ್ಟೀನಿ. ಮಳಿ ತರ್ತದೇನಲೇ ಇದು ಅಂದೆ. ನಕ್ಕ.” ಅಲ್ಲಿ ಅವನು ಕೆಮ್ಮಿದ. “ಊರಾಗ ಎಲ್ಲಾರೂ ನೋಡ್ಯಾರ.”

ಹಿರಿಯರಲ್ಲಿ ಇಬ್ಬರು ಮೂವರು ಹೌದು ಹೌದು ಎಂದರು.

ಬಸ್ಸಮ್ಮ ಫೋಟೋ ಬಿಚ್ಚಿ ಸೂಗಪ್ಪನ ಕೈಗೆ ಕೊಟ್ಟಳು. ಬೆಕ್ಕೆಂಬ ಮಾತು ಎತ್ತಲಿಲ್ಲ. “ಇದರಾಗ ತೋಳಿಗೆ ಬಣ್ಣ ಬಳದಾರ. ಅತ್ತಿ ಬಳಿಸಿದ್ರು. ಬೆರಳು ಆಡಿಸಿ ನೋಡ್ರಿ. ಆ ಬಣ್ಣ ತಗದ್ರ ಕೆಳಗ ಏನದ ಅಂತ ಕಾಣ್ತದ. ಮಿಂಚಿದ್ರ ಬಾವಾರ ಮಾತು ಖರೆ, ನಾ ಕೂಸು ಕರಕೊಂಡು ಹೋಗ್ತೀನಿ. ಬ್ಯಾರೆ ಇದ್ರ ನೀವ ಹೇಳ್ರಿ.”

ಫೋಟೋ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಬೆರಳಾಡಿಸಿದರು. ಅವಳು ಮಣ್ಣಿನ ಬಟ್ಟಲಲ್ಲಿ ನೀರು, ಅರಳೆ ತಂದಿದ್ದಳು. ಅರಳೆ ಅದ್ದಿ, ಬೇಗಂ ಕಲಿಸಿದಷ್ಟೇ ಹಿಂಡಿದಳು. ಹಿಂಡಿ ಮೂಕಪ್ಪನ ಮುಂದೆ ಹಿಡಿದಳು.

“ನೀವ ಒರಸ್ರಿ ಬಾವಾರ.”

ನಾನು ಕಂಬಳಿಯಿಂದ ಅರ್ಧ ಎದ್ದೆ. ಇದನ್ನು ಅವಳು ನನಗೆ ಹೇಳಿರಲಿಲ್ಲ. ಅಷ್ಟು ಅಭ್ಯಾಸ ಮಾಡಿದವಳು ಅವಳು. ಇವನು ಗಿರಣಿಯಲ್ಲಿ ಯಂತ್ರ ಒರೆಸಿದ ಕೈಯವನು, ಒಂದು ಸಲ ಗಸಗಸ ತಿಕ್ಕಿದರೆ ಅಯ್ಯಣ್ಣ ಇಲ್ಲ, ಬೆಕ್ಕೂ ಇಲ್ಲ, ಕೂಸಿಗೆ ತಂದೆಯೂ ಇಲ್ಲ. ಬೇಕೆಂದೇ ತಿಕ್ಕಿದರೂ ಕೇಳುವವರಿಲ್ಲ. ಬೇಡ ಎಂದು ಕೂಗಬೇಕೆನಿಸಿತು. ಕೊಟ್ಟ ಮಾತಿಗೆ ತುಟಿ ಕಚ್ಚಿಕೊಂಡು ಮತ್ತೆ ಕೂತೆ.

“ಮೆಲ್ಲಕ ಒತ್ತಬೇಕ್ರಿ, ತಿಕ್ಕಬಾರದು,” ಎಂದಳು. “ನಿಮ್ಮ ತಮ್ಮನ ತೋಳು ಅದು.”

ಮೂಕಪ್ಪ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡ. ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಮುಖಕ್ಕೆ ನೀರು ತಾಗದ ಹಾಗೆ ಎಡಗೈ ಅಡ್ಡ ಹಿಡಿದು, ಅರಳೆಯನ್ನು ಭುಜದ ಕೆಳಗೆ ಇಟ್ಟು ಒತ್ತಿದ. ತೆಗೆದ. ಅರಳೆಗೆ ಬೂದು ಬಣ್ಣ ಹತ್ತಿತ್ತು. ಇನ್ನೊಂದು ತುಣುಕು ತೆಗೆದುಕೊಂಡು ಮತ್ತೆ ಒತ್ತಿದ. ಹುಣ್ಣಿಗೆ ಔಷಧ ಹಚ್ಚುವವರ ಹಾಗೆ ಒತ್ತುತ್ತಿದ್ದ. ಕೆಮ್ಮು ಬಂದಾಗ ಕೈ ದೂರ ತೆಗೆದು, ಕೆಮ್ಮಿ ಮುಗಿಸಿ, ಮತ್ತೆ ಒತ್ತುತ್ತಿದ್ದ.

ಮೊದಲು ಕಂಡದ್ದು ಬರೀ ಕಪ್ಪು ಚೌಕ. ಬಸ್ಸಮ್ಮನೂ ನೋಡಿದಳು, ಅಲುಗಾಡದೆ ನಿಂತಳು. ಮೂಕಪ್ಪ ಫೋಟೋವನ್ನು ಬೆಳಕಿಗೆ ಓರೆ ಮಾಡಿದ, ಇನ್ನೊಮ್ಮೆ ಒತ್ತಿದ. ಚೌಕದ ಒಳಗೆ ಅದಕ್ಕಿಂತ ಕಪ್ಪಾದದ್ದು ಒಂದು ಮೂಡಿತು. ಮೇಲೆತ್ತಿದ ಬಾಲ, ಬಾಗಿದ ಬೆನ್ನು, ಎರಡು ಕಿವಿ.

“ಬೆಕ್ಕು,” ಎಂದ ಮೂಕಪ್ಪ.

ಸೂಗಪ್ಪ ಬಗ್ಗಿ ನೋಡಿದ. “ಮಿಂಚಲ್ಲೇನು?”

“ಅಲ್ಲ. ಬೆಕ್ಕದ.” ಅವನು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದ. “ಇದು ದಸರಾದ ಫೋಟೋ ಅಲ್ಲ.”

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಫೋಟೋ ಮತ್ತೆ ಕೈಯಿಂದ ಕೈಗೆ ಹೋಯಿತು. ಸೂಗಪ್ಪ ಹಿರಿಯರ ಮುಖ ನೋಡಿ, ಮೊಣಕಾಲಿಗೆ ಕೈ ಊರಿ, “ಆತು ಬಿಡ್ರಿ, ಮುಗೀತು. ಕೂಸು ಮನಿಯಾಗ ಇರಲಿ,” ಎಂದು ಏಳತೊಡಗಿದ.

“ಕುಂದರ್ರಿ ಯಪ್ಪಾ,” ಎಂದಳು ಬಸ್ಸಮ್ಮ. ದನಿ ಏರಿಸಲಿಲ್ಲ, ಆದರೂ ಏಳುತ್ತಿದ್ದವರೆಲ್ಲ ಕೂತರು. “ಇರಲಿ ಅಂದ್ರ ಆಗಲಿಲ್ಲ. ನನ್ನ ಕೂಸಿಗೆ ಅಪ್ಪ ಇಲ್ಲ ಅಂತ ಬಾಯಿ ತೆರೆದು ಹೇಳ್ಯಾರ. ಅಪ್ಪ ಯಾರು ಅಂತನೂ ಬಾಯಿ ತೆರೆದು ಹೇಳಬೇಕು.”

ಎಲ್ಲರೂ ಮೂಕಪ್ಪನ ಕಡೆ ತಿರುಗಿದರು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಒದ್ದೆ ಅರಳೆ ಇನ್ನೂ ಅವನ ಬೆರಳಲ್ಲಿತ್ತು.

“ಹಂಗಾದ್ರ ಅಂವ ಮತ್ತ ಬಂದಿದ್ದ,” ಎಂದ.

“ಬಂದಿದ್ರು.”

“ನಾ ಇಲ್ಲದಾಗ ಬಂದು ಹೋಗ್ಯಾನ.”

ಮೂಕಪ್ಪ ಅರಳೆಯನ್ನು ಬಟ್ಟಲಿಗೆ ಹಾಕಿದ.

“ನನ್ನ ಕೇಳಿದ್ನೇನು?”

ಅಲ್ಲಿಯವರೆಗೆ ಕಂಬದ ಹಾಗೆ ನಿಂತಿದ್ದ ಬಸ್ಸಮ್ಮ ಆಗ ಕೂತಳು, ಅವನ ಎದುರಿಗೇ, ನೆಲದ ಮೇಲೆ. “ದಿನಾ ಕೇಳ್ತಿದ್ರು. ಸೊಲ್ಲಾಪುರಕ್ಕ ಹೋಗಿ ಅಣ್ಣನ್ನ ನೋಡಿಕೊಂಡು ಬರ್ತೀನಿ ಅಂತ ಎರಡು ಸಲ ಹೊಂಟು ನಿಂತಿದ್ರು. ನೀವು ಯಾವ ಗಿರಣಿ ಚಾಳಿನಾಗ ಅದೀರಿ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.”

ಆಗ ನನಗೆ ತಿಳಿಯಿತು. ನಾನು ಕೂಸಿನ ಹಗೆಯೆಂದು ಇವನನ್ನು ಎಣಿಸಿದ್ದೆ. ತಮ್ಮ ಎರಡನೇ ಸಲ ಬರಲೇ ಇಲ್ಲ ಎಂದು ಅವನು ಹಟ ಹಿಡಿದದ್ದು ಬಸ್ಸಮ್ಮನನ್ನು ಸೋಲಿಸಲು ಅಲ್ಲ. ಬಂದಿದ್ದ ಎಂದರೆ ಆ ಕೊನೆಯ ಸಲ ತಾನು ಅಲ್ಲಿರಲಿಲ್ಲ ಎಂದು ಒಪ್ಪಬೇಕಿತ್ತು. ಬನ್ನಿ ಕೊಟ್ಟು ಅಪ್ಪಿಕೊಂಡದ್ದೇ ಕೊನೆ ಎಂದು ಅವನು ಹೇಗೋ ಮನಸ್ಸಿಗೆ ಹೇಳಿಕೊಂಡಿದ್ದ. ಈಗ ಅದನ್ನೂ ತನ್ನ ಕೈಯಿಂದಲೇ ಒರೆಸಿ ತೆಗೆದ.

ಅವನು ಹೆಗಲ ಟುವಾಲಿನಿಂದ ಕೈ ಒರೆಸಿಕೊಂಡು ಎದ್ದು ನಿಂತ. ದೈವದ ಮುಂದೆ ಮಾತಾಡುವವರು ನಿಲ್ಲಬೇಕು.

“ಆ ಕೂಸು ನನ್ನ ತಮ್ಮ ಅಯ್ಯಣ್ಣನ ಮಗಳು,” ಎಂದ. “ನಮ್ಮವ್ವನ ಹೆಸರು ಆಕಿದು. ತಪ್ಪು ಮಾತಾಡೀನಿ, ದೈವ ಅದನ್ನ ಹೊಟ್ಟಿಗೆ ಹಾಕೋಬೇಕು.”

ಸೂಗಪ್ಪ ತಲೆಯಾಡಿಸಿದ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನೂ ಎದ್ದೆ. ಬಸ್ಸಮ್ಮ ಫೋಟೋವನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಮೂಕಪ್ಪ ಕೊಡಲಿಲ್ಲ. ಒದ್ದೆಯಾದ ಮೂಲೆಯನ್ನು ನೆರಳಿಗೆ ಹಿಡಿದು ಕೆಳಗೆ ಅವಳ ಎದುರು ಕೂತ.

“ಇದು ಆರೋತನ ನನ್ನ ಕೈಯಾಗ ಇರಲಿ,” ಎಂದ. “ಹೇಳು ಬಸ್ಸಮ್ಮ. ಆ ಸಲ ಬಂದಾಗ ಅಂವ ಏನೇನು ಮಾತಾಡಿದ, ಒಂದೂ ಬಿಡದಂಗ ಹೇಳು.”